ಕುದುರೆ ಮನೆಯ ಪ್ಯಾದೆ

ಹೋದ ತಿಂಗಳು ಒಂದು ಹಳೆಯ ದಿಂಬನ್ನು ಬಿಚ್ಚಿದೆ. ಅಮ್ಮ ಇದ್ದಾಗಿನ ದಿಂಬು, ಗಂಟುಗಂಟಾಗಿ ಕಲ್ಲಿನಂತಾಗಿತ್ತು. ಹೊಲಿಗೆ ಕಿತ್ತು ಹತ್ತಿಯನ್ನು ತಾರಸಿಯ ಬಿಸಿಲಿಗೆ ಹರವಿದೆ, ಒಂದು ವಾಸನೆ ಎದ್ದಿತು. ಧೂಳು, ಕೊಬ್ಬರಿ ಎಣ್ಣೆ, ಯಾವತ್ತೋ ಆರಿದ ಬೆವರು, ಬಿಸಿಲು ಕುಡಿದ ಬಟ್ಟೆ... ಎಲ್ಲ ಸೇರಿದ ವಾಸನೆ. ನಿಜಲಿಂಗಪ್ಪ ಬಡಾವಣೆಯ ಈ ಮನೆಯಲ್ಲಿ ಈಗ ಎಲ್ಲವೂ ಫೋಮು, ಅದಕ್ಕೆ ಯಾವ ವಾಸನೆಯೂ ಇಲ್ಲ. ಹತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಬಹಳ ಹೊತ್ತು ಏಳಲಿಲ್ಲ. ನಿಟ್ಟುವಳ್ಳಿಯಲ್ಲಿ ನಾವಿದ್ದ ಬಾಡಿಗೆ ಮನೆ, ಅದರ ಎದುರಿನ ಗಾದಿ ಅಂಗಡಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿಂಜಿದ ಹತ್ತಿಯ ಗುಡ್ಡೆಗೆ ಒರಗಿ, ಚೆಸ್ ಬೋರ್ಡನ್ನು ಮುಂದಿಟ್ಟುಕೊಂಡು ಕೂತ ಆಪಾ...

ಗಾದಿ ಅಂಗಡಿಯವರ ಮಗಳು ಅವಳು. ಉರ್ದುವಿನಲ್ಲಿ ಅಕ್ಕನಿಗೆ ಆಪಾ ಅನ್ನುತ್ತಾರೆ. ಅವಳ ತಮ್ಮ ಹಾಗೆ ಕರೆಯುತ್ತಿದ್ದ, ನಾನೂ ಕರೆದೆ. ಆಮೇಲೆ ಬೀದಿಯೇ ಹಾಗೆ ಕರೆಯಿತು, ಅವಳಿಗಿಂತ ಎಷ್ಟೋ ಹಿರಿಯರು ಕೂಡ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಸೇರಿದ ದಿನದಿಂದ ನನ್ನನ್ನು 'ಪ್ರೊಫೆಸರ್' ಎಂದು ಕಾಡುತ್ತಿದ್ದಳು.

ಆ ಓದು ನನಗೆ ಒಂದು ರೋಗ ಹಚ್ಚಿತು. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಹೊಲಿಯುವ ಬಟ್ಟೆ ಎಂದು ಕಲಿತೆ. ಅಂದಿನಿಂದ ನನ್ನ ನೆನಪುಗಳನ್ನು ನಾನೇ ಪೂರ್ತಿ ನಂಬಿಲ್ಲ. ಈಗಲೂ ನೋಡಿ: ಆ ಕೊನೆಯ ಆಟದ ದಿನವನ್ನು ನೆನೆದರೆ ಆಪಾಳ ಕೂದಲಲ್ಲಿ ಹತ್ತಿಯ ಎಳೆಗಳು ಕಾಣುತ್ತವೆ. ಇರಲು ಸಾಧ್ಯವಿಲ್ಲ. ಅವತ್ತು ತಲೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಹಸಿರು ಚೂಡಿದಾರ ತೊಟ್ಟು, ದುಪಟ್ಟಾ ತಲೆಯ ಮೇಲೆ ಹೊದ್ದು ಬಂದಿದ್ದಳು. ಹತ್ತಿಯನ್ನು ನಾನೇ ಆಮೇಲೆ ಅಂಟಿಸಿರಬೇಕು. ಹೀಗೆ ಇನ್ನೇನೇನು ಅಂಟಿಸಿದ್ದೇನೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಇಷ್ಟೂ ಉಳಿಯುವುದಿಲ್ಲ.

ಅವಳಿಗೆ ಆಟ ಕಲಿಸಿದವರು ದಾದಾ, ಅವಳ ತಂದೆಯ ತಂದೆ. ಅವರಿದ್ದದ್ದು ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಗಾದಿ ಹೊಲಿದು ಹೊಲಿದು ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಅವರ ಚದುರಂಗದ ಹಾಸು ಬಟ್ಟೆಯದು, ಗಾದಿಯ ಮೇಲ್ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಮರದ ಕಾಯಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಗುರುತು ಹಿಡಿದು ಆಡುತ್ತಿದ್ದರು.

ಅವರದು ಹಳೆಯ ಮನೆ ಆಟ. ನಾವು ಶಾಲೆಯಲ್ಲಿ ಕಲಿತ ಚೆಸ್ಸಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇದ್ದದ್ದು ಕಾಲಾಳಿನ ವಿಷಯದಲ್ಲಿ. ಅವರು ಕಾಲಾಳಿಗೆ ಪ್ಯಾದೆ ಅನ್ನುತ್ತಿದ್ದರು. ಚೆಸ್ಸಿನಲ್ಲಿ ಕಾಲಾಳು ಎದುರಿನ ಕೊನೆಯ ಸಾಲು ಮುಟ್ಟಿದರೆ ನಾವು ಬಯಸಿದ ಕಾಯಿಯಾಗುತ್ತದೆ. ಎಲ್ಲರೂ ಬಯಸುವುದು ರಾಣಿಯನ್ನೇ, ಅದಕ್ಕಿಂತ ಬಲಶಾಲಿ ಕಾಯಿ ಇಲ್ಲ. ದಾದಾ ಆಟದಲ್ಲಿ ಹಾಗಲ್ಲ. ಪ್ಯಾದೆ ಯಾರ ಮನೆ ಹೊಕ್ಕಿತೋ, ಅಂದರೆ ಆಟ ಶುರುವಾದಾಗ ಆ ಮನೆಯಲ್ಲಿ ಯಾವ ಕಾಯಿ ನಿಂತಿತ್ತೋ, ಅದೇ ಕಾಯಿ ಆಗಬೇಕು. ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ, ಒಂಟೆಯ ಮನೆಯಲ್ಲಿ ಒಂಟೆ. ರಾಣಿಗೆ ಅವರು ವಜೀರ ಅನ್ನುತ್ತಿದ್ದರು. ವಜೀರ ಬೇಕಿದ್ದರೆ ನಡುವಿನ ಮನೆಗಳಿಗೇ ಹೋಗಿ ಮುಟ್ಟಬೇಕು.

ನಾನೊಮ್ಮೆ ವಾದಿಸಿದ್ದೆ. "ದಾದಾ, ಅಷ್ಟು ದೂರ ನಡೆದು ಬಂದೈತೆ ಪಾಪ. ರಾಣಿ ಮಾಡಿದ್ರೆ ಏನಾಗುತ್ತೆ?"

"ತಮ್ಮಾ, ಯಾರ ಮನಿಗೆ ಹೋಗಿರ್ತೀಯೋ ಅವರ ಮನಿ ಊಟ ಉಣ್ಬೇಕಪ್ಪ. ಅಲ್ಲಿ ಕುಂತು ಪಕ್ಕದ ಮನಿ ಬಿರಿಯಾನಿ ಕೇಳಿದ್ರ ಒದೀತಾರ."

ಆಪಾ ನಕ್ಕಳು. ಅವಳಿಗೆ ಎರಡೂ ಆಟ ಸಲೀಸು. ಹರಿಹರದಲ್ಲಿ ದಾದಾ ಆಟ, ಟೂರ್ನಮೆಂಟಿನಲ್ಲಿ ಚೆಸ್. ಮನೆಯಲ್ಲಿ ಉರ್ದು ಮಾತಾಡಿ, ಹೊಸ್ತಿಲು ದಾಟಿದೊಡನೆ ನನ್ನ ಜೊತೆ ಕನ್ನಡಕ್ಕೆ ಹೊರಳುತ್ತಿದ್ದಳಲ್ಲ, ಅಷ್ಟೇ ಸಹಜವಾಗಿ. (ದಾದಾ ಮತ್ತು ಅವಳು ತಮ್ಮೊಳಗೆ ಉರ್ದುವಿನಲ್ಲೇ ಮಾತಾಡಿರಬೇಕು. ನನ್ನ ನೆನಪಿನಲ್ಲಿ ಎಲ್ಲವೂ ಕನ್ನಡವಾಗಿದೆ. ಇದೂ ಒಂದು ಅನುಮಾನ.)

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಮದುವೆ ಮನೆಗಳಿಗೆ ಗಾದಿ ಹೊಲಿಯಲು ಗಂಡಸರು ಊರೂರಿಗೆ ಹೋಗುತ್ತಿದ್ದರಂತೆ. ಹೊರಡುವ ಬೆಳಗ್ಗೆ ಮನೆಯ ಹಿರಿಯರ ಜೊತೆ ಒಂದು ಆಟ ಆಡಿ, ಅದನ್ನು ಪೂರ್ತಿ ಮುಗಿಸಿಯೇ ಹೊರಡಬೇಕು. ಆಟ ಅರ್ಧಕ್ಕೆ ಬಿಟ್ಟು ಹೋದರೆ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ ಎಂದು ನಂಬಿಕೆ. ಆಪಾ ಟೂರ್ನಮೆಂಟುಗಳಿಗೆ ಹೊರಡುವಾಗಲೂ ಇದನ್ನು ಬಿಡಲಿಲ್ಲ. ನಾನು ಮೂಢನಂಬಿಕೆ ಎಂದು ಪಾಠ ಶುರುಮಾಡಿದರೆ ಬಾಯಿ ಮುಚ್ಚಿಸುತ್ತಿದ್ದಳು:

"ಲೇ ಪ್ರೊಫೆಸರ್, ನಿನ್ನ ಪರೀಕ್ಷೆಗೆ ನಿಮ್ಮವ್ವ ಮೊಸರು ಸಕ್ರೆ ತಿನ್ಸಿ ಕಳಿಸಿದ್ರಲ್ಲ, ಉಗುಳಿ ಬಂದ್ಯೇನು?"

ಆ ವರ್ಷ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಷಿಪ್ ನಮ್ಮ ದಾವಣಗೆರೆಯಲ್ಲೇ ನಡೆಯಿತು, ಒಂದು ದೊಡ್ಡ ಕಲ್ಯಾಣ ಮಂಟಪದಲ್ಲಿ. ಆತಿಥ್ಯ ವಹಿಸಿದ ಊರಿಗೆ ಒಂದೆರಡು ಜಾಗ ಬಿಟ್ಟುಕೊಡುತ್ತಿದ್ದರು. ಅದರಲ್ಲಿ ಒಂದು ಆಪಾಳಿಗೆ ಸಿಕ್ಕಿತು. ರಾಜ್ಯದ ಆಯ್ಕೆಯಲ್ಲಿ ಅವಳು ಪ್ರತಿ ವರ್ಷವೂ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಿದ್ದವಳು. ರಾಷ್ಟ್ರೀಯ ಮಟ್ಟದಲ್ಲಿ ಆಡಿದ್ದು ಅದೊಂದೇ ಸಲ.

ಮೊದಲ ಹತ್ತು ಸ್ಥಾನದೊಳಗೆ ಬಂದವರನ್ನು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವ ಒಂದು ಸರ್ಕಾರಿ ಸಂಸ್ಥೆ ಇತ್ತು. ಕೆಲಸ ಸಿಕ್ಕರೆ ಸಂಬಳದ ಜೊತೆ ಆಡಲು ರಜೆ, ತರಬೇತಿ, ದೇಶವೆಲ್ಲ ಓಡಾಟ. ಆದರೆ ಅದಕ್ಕೊಂದು ವಯಸ್ಸಿನ ಮಿತಿ. ಆಪಾ ಆ ವರ್ಷ ಅದರ ಅಂಚಿನಲ್ಲಿದ್ದಳು. ಇತ್ತ ಗಾದಿ ಅಂಗಡಿಗೆ ಬರುವವರು ಕಡಿಮೆಯಾಗಿದ್ದರು, ಎಲ್ಲರಿಗೂ ಫೋಮೇ ಬೇಕಿತ್ತು. ಅವಳ ಅಬ್ಬಾ ಕೆಟ್ಟವರಲ್ಲ, ದಣಿದಿದ್ದರು. ರಾಣೆಬೆನ್ನೂರಿನ ಕಡೆಯಿಂದ ಬಂದಿದ್ದ ಸಂಬಂಧವನ್ನು ಎರಡು ವರ್ಷದಿಂದ ಇವತ್ತು ನಾಳೆ ಎಂದು ದೂಡುತ್ತ ಬಂದಿದ್ದರು. ಕೊನೆಗೆ ಆಪಾ ತಾನಾಗಿಯೇ ಮಾತು ಕೊಟ್ಟಳು. ನನ್ನೆದುರಿಗೇ ಹೇಳಿದ್ದು:

"ಇದೊಂದು ಸಲ ಅಬ್ಬಾ. ಹತ್ತರೊಳಗೆ ಬರ್ಲಿಲ್ಲ ಅಂದ್ರ ಕಾಯಿ ಎತ್ತಿಡ್ತೀನಿ. ನೀವು ಹೇಳ್ದಂಗೆ."

ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ. "ಹೋಗ್ಬಾ" ಅಂದರು, ಅಷ್ಟೆ.

ಟೂರ್ನಮೆಂಟ್ ನಡೆದಷ್ಟು ದಿನವೂ ಬೆಳಗ್ಗೆ ಹರಿಹರಕ್ಕೆ ಹೋಗಿ ದಾದಾ ಜೊತೆ ಒಂದು ಆಟ ಮುಗಿಸಿ, ಮಧ್ಯಾಹ್ನದ ಸುತ್ತಿಗೆ ದಾವಣಗೆರೆಗೆ ವಾಪಸ್ಸು. ಹಲವು ದಿನ ನನ್ನ ಸ್ಕೂಟರಿನಲ್ಲೇ ಹೋದೆವು. ಅವಳು ನನ್ನ ಬೆನ್ನ ಹಿಂದೆ ಗೊಣಗುಟ್ಟುವ ಹಾಗೆ ನಡೆಗಳನ್ನು ಹೇಳಿಕೊಳ್ಳುತ್ತಿದ್ದಳು. ಸಂಜೆ ಹಿಂತಿರುಗುವಾಗ ಬೀದಿಯ ತಿರುವಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾರುವಾತ ಕೂಗುತ್ತಿದ್ದ: "ಏನ್ ಆಪಾ, ಇವತ್ತು ಯಾರ ರಾಜನ್ನ ಕೆಡವಿದೆ?" ಗೆದ್ದಿದ್ದರೆ ಅವಳು ನಿಂತು ಒಂದು ಮೆಣಸಿನಕಾಯಿ ಕಿತ್ತುಕೊಂಡು ತಿನ್ನುತ್ತಿದ್ದಳು. ಸೋತಿದ್ದರೆ ನನ್ನ ಬೆನ್ನಿಗೆ ಗುದ್ದಿ "ಹೊಡಿಯೋ ಗಾಡಿ" ಅನ್ನುತ್ತಿದ್ದಳು.

ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ಗೆದ್ದರೆ ಹತ್ತರೊಳಗೆ. ಡ್ರಾ ಆದರೂ ಹೊರಗೆ, ಸೋತರಂತೂ ಹೊರಗೆ. ಅವಳಿಗೆ ಗೆಲುವೇ ಬೇಕಿತ್ತು.

ಆ ಬೆಳಗ್ಗೆ ಹರಿಹರದ ಆಟ ಬೇಗ ಮುಗಿಯಿತು. ಆಪಾಳ ಪ್ಯಾದೆ ಕುದುರೆ ಮನೆ ಹೊಕ್ಕಿತು, ಅವಳು ಕುದುರೆ ಇಟ್ಟಳು, ಅದೇ ಕುದುರೆಯಿಂದ ದಾದಾ ರಾಜನಿಗೆ ದಾರಿ ಕಟ್ಟಿತು. ಹೀಗೆ ನನ್ನ ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ. ಮುಂದೆ ಆದದ್ದಕ್ಕೆ ಇದು ಅತಿಯಾಗಿ ಹೊಂದುತ್ತದೆ. ಅಷ್ಟು ಹೊಂದುವ ನೆನಪು ಸಾಮಾನ್ಯವಾಗಿ ಆಮೇಲೆ ಹುಟ್ಟಿದ್ದಾಗಿರುತ್ತದೆ. ಆದರೆ ಅಷ್ಟೂ ದಿನ ಬೆಳಗ್ಗೆ ಅವಳ ಕೈ ದಾದಾ ಕಾಯ್ದೆಯಂತೆಯೇ ಆಡಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆಟ ಮುಗಿದ ಮೇಲೆ ದಾದಾ ಶೇರ್ವಾನಿ ಹಾಕಿಕೊಂಡು ಬಂದು ನಿಂತರು. ತಾವೂ ಬರುತ್ತೇವೆಂದರು.

"ನಿಮಗೆ ಅಲ್ಲಿ ಏನೂ ಕಾಣ್ಸಲ್ಲ ದಾದಾ. ಹಗ್ಗ ಕಟ್ಟಿರ್ತಾರೆ, ದೂರ ನಿಲ್ಲಿಸ್ತಾರೆ."

"ನಿನ್ನ ಪ್ರೊಫೆಸರ್‌ಗೆ ಕಾಣ್ಸುತ್ತಲ್ಲ. ಅವನ್ನ ಕೇಳ್ತೀನಿ, ನಡಿ."

ಎದುರಾಳಿ ಚೆನ್ನೈ ಕಡೆಯ ಹುಡುಗಿ, ದಪ್ಪ ಕನ್ನಡಕ, ಇನ್ನೂ ಶಾಲೆ ಕಾಲೇಜಿನ ನಡುವಿನ ವಯಸ್ಸು. ಸಭಾಂಗಣದೊಳಗೆ ಪಿಸುಮಾತಿಗೂ ಅವಕಾಶವಿರಲಿಲ್ಲ. ಹಾಗಾಗಿ ದಾದಾರನ್ನು ಊಟದ ಮನೆಯ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ನಾನು ಒಳಗೂ ಹೊರಗೂ ಓಡಾಡಿದೆ. ಹಗ್ಗದ ಹಿಂದೆ ನಿಂತು ನೋಡುವುದು, ಬಂದು ಅವರ ಕಿವಿಯಲ್ಲಿ ಹೇಳುವುದು. ಅವರು ಮೊಣಕಾಲಿನ ಮೇಲೆ ಬೆರಳಾಡಿಸಿ ಬೋರ್ಡನ್ನು ಜೋಡಿಸಿಕೊಳ್ಳುತ್ತಿದ್ದರು.

ಆಟ ಬಹಳ ಹೊತ್ತು ನಡೆಯಿತು. ಅಕ್ಕಪಕ್ಕದ ಬೋರ್ಡುಗಳು ಒಂದೊಂದಾಗಿ ಮುಗಿದು, ಹುಡುಗಿಯರು ಎದ್ದು ಹೋಗಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಖಾಲಿಯಾದವು. ಎರಡೂ ಕಡೆ ರಾಣಿಗಳು ಹೋದವು, ಆನೆಗಳು ಹೋದವು. ಕೊನೆಗೆ ಉಳಿದದ್ದು ಇಬ್ಬರ ರಾಜರು, ಇಬ್ಬರಿಗೂ ಒಂದೊಂದು ಕಾಲಾಳು. ಎರಡು ಕಾಲಾಳೂ ಕೊನೆಯ ಸಾಲಿನತ್ತ ಓಡುತ್ತಿದ್ದವು, ಆಪಾಳದು ಮುಂದಿತ್ತು. ಅವಳದು ರಾಣಿಯಾದರೆ ಆ ರಾಣಿ ಎದುರಾಳಿಯ ಕಾಲಾಳನ್ನು ದಾರಿಯಲ್ಲೇ ಹಿಡಿದು, ಆಮೇಲೆ ರಾಜನನ್ನೂ ಮುಗಿಸುತ್ತದೆ. ಗೆದ್ದಿದ್ದಳು. ಅದು ನನಗೇ ಕಾಣುತ್ತಿತ್ತು. ಆಡಿ ಮುಗಿಸುವುದಷ್ಟೇ ಬಾಕಿ.

ಅವಳ ಸಮಯ ಮಾತ್ರ ತೀರಿತ್ತು. ಪ್ರತಿ ನಡೆಗೆ ಗಡಿಯಾರ ಕೊಡುವ ಕೆಲವು ಸೆಕೆಂಡುಗಳ ಮೇಲೆಯೇ ಉಸಿರಾಡುತ್ತಿದ್ದಳು. ಕಾಲಾಳನ್ನು ಕೊನೆಯ ಮನೆಗೆ ತಳ್ಳಿದಳು. ಅದು ಕುದುರೆಯ ಮನೆ.

ಅವಳ ಸತ್ತ ಕಾಯಿಗಳೆಲ್ಲ ಎದುರಾಳಿಯ ಕೈಬದಿಗೆ ಸಾಲಾಗಿ ನಿಂತಿದ್ದವು. ರಾಣಿಯೂ ಇತ್ತು, ಅದರ ಪಕ್ಕದಲ್ಲಿ ಕುದುರೆ. ಕೈ ಚಾಚಿದಳು. ಕುದುರೆಯನ್ನು ತಂದು ಆ ಮನೆಯಲ್ಲಿಟ್ಟಳು. ಗಡಿಯಾರ ಒತ್ತಿದಳು.

ನನಗೆ ಮೊದಲು ಏನೂ ತಿಳಿಯಲಿಲ್ಲ. ಎದುರಿನ ಹುಡುಗಿಗೂ ತಿಳಿಯಲಿಲ್ಲ. ಅವಳು ಕನ್ನಡಕ ಸರಿಮಾಡಿಕೊಂಡು ಆ ಕುದುರೆಯನ್ನೇ ನೋಡಿದಳು, ಆಪಾಳ ಮುಖ ನೋಡಿದಳು, ಮತ್ತೆ ಕುದುರೆ. ಇದರಲ್ಲೇನೋ ಭಾರಿ ಉಪಾಯ ಇರಬೇಕೆಂದು ಹುಡುಕುತ್ತಿದ್ದಳು ಪಾಪ. ಆಪಾ ತಲೆ ತಗ್ಗಿಸಿ ನಡೆಯನ್ನು ಬರೆದುಕೊಳ್ಳುತ್ತಿದ್ದವಳು ಅರ್ಧಕ್ಕೆ ನಿಂತಳು. ಕೈ ಬೋರ್ಡಿನ ಮೇಲೆ ಹೋಯಿತು, ಕುದುರೆಯನ್ನು ಮುಟ್ಟುವಷ್ಟು ಹತ್ತಿರ ಹೋಗಿ ಗಾಳಿಯಲ್ಲೇ ಉಳಿಯಿತು. ಇಟ್ಟ ಕಾಯಿಯನ್ನು ಬದಲಿಸುವಂತಿಲ್ಲ. ತೀರ್ಪುಗಾರರು ದೂರದಿಂದಲೇ ನೋಡಿ ಎರಡು ಹೆಜ್ಜೆ ಮುಂದೆ ಬಂದು ನಿಂತರು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು, ಮತ್ತೆಲ್ಲಿ ಏನು ಮಾಡಿಬಿಡುತ್ತದೋ ಎನ್ನುವಂತೆ...

ಹೊರಗೆ ಹೋದೆ. ದಾದಾ ಕೇಳಿದರು, "ಪ್ಯಾದೆ ಮುಟ್ತಾ?"

"ಮುಟ್ತು ದಾದಾ. ಕುದುರೆ ಮನೆ."

"ಕುದುರೆ ಇಟ್ಳಾ?"

"ಇಟ್ಟಳು."

"ಶಾಬಾಶ್!" ಅವರು ತೊಡೆ ತಟ್ಟಿಕೊಂಡರು. "ಮತ್ತೇನು, ಕುದುರೆ ಮನ್ಯಾಗ ಒಂಟೆ ಕಟ್ತಾರೇನು? ನನ್ನ ಮೊಮ್ಮಗಳು ಅಂಥವಳಲ್ಲ. ಎಷ್ಟು ಜನ ಕುಂತಿದ್ರೂ ಕಾಯ್ದೆ ಬಿಡಲ್ಲ ಅವಳು."

ನನಗೆ ನಿಲ್ಲಲಾಗಲಿಲ್ಲ. ಒಳಗೆ ಓಡಿದೆ.

ಅಲ್ಲಿ ಈಗ ಬೇರೆ ಆಟ ಶುರುವಾಗಿತ್ತು. ಒಂಟಿ ಕುದುರೆಯಿಂದ ರಾಜನನ್ನು ಕಟ್ಟಿಹಾಕಲಾಗುವುದಿಲ್ಲ, ಚೆಸ್ ಆಡುವ ಮಕ್ಕಳಿಗೂ ಇದು ಗೊತ್ತು. ಅತ್ತ ಹುಡುಗಿಯ ಕಾಲಾಳು ಓಡುತ್ತಲೇ ಇತ್ತು. ಅದು ರಾಣಿಯಾದರೆ ಆಪಾ ಸೋತಳು. ಕುದುರೆ ಅದರ ಬೆನ್ನು ಹತ್ತಿತು. ಬೋರ್ಡಿನ ಈ ಮೂಲೆಯಿಂದ ಆ ಮೂಲೆಗೆ, ಡೊಂಕು ಜಿಗಿತಗಳಲ್ಲಿ, ದಾರಿ ತಪ್ಪಿದ ಪ್ರಾಣಿಯಂತೆ. ಒಂದೊಂದು ಜಿಗಿತಕ್ಕೂ ಅವಳು ಗಡಿಯಾರದ ಕೊನೆಯವರೆಗೆ ಯೋಚಿಸುತ್ತಿದ್ದಳು. ಎಲ್ಲಾದರೂ ಒಂದು ಗೆಲುವು ಅಡಗಿದೆಯೇನೋ ಎಂದು ಹುಡುಕುತ್ತಿದ್ದಳು. ಇರಲಿಲ್ಲ. ಅವಳಿಗೂ ಗೊತ್ತಿತ್ತು.

ಕೊನೆಗೆ ಕುದುರೆ ಆ ಕಾಲಾಳಿನ ಮೇಲೆ ಕಣ್ಣಿಟ್ಟು ನಿಂತಿತು. ಹೊಡೆಯದಿದ್ದರೆ ಸೋಲು. ಹೊಡೆದರೆ ಬೋರ್ಡಿನ ಮೇಲೆ ಇಬ್ಬರು ರಾಜರು, ಒಂದು ಕುದುರೆ. ಆ ಕ್ಷಣಕ್ಕೇ ಡ್ರಾ. ಕೆಲಸ ಇಲ್ಲ, ರಜೆ ಇಲ್ಲ, ಆಟವೇ ಇಲ್ಲ. ಅವಳು ಕೈ ಎತ್ತಲಿಲ್ಲ. ಸೆಕೆಂಡುಗಳು ಇಳಿಯುತ್ತಿದ್ದವು. ಹೊಡಿ ಆಪಾ ಎಂದು ಕೂಗಬೇಕೆನಿಸಿತು, ಹೊಡೀಬ್ಯಾಡ ಎಂದೂ. ಹೊಡೆಯದೇ ಇರುವಷ್ಟು ಹೊತ್ತು ಅವಳು ಇನ್ನೂ ಆಟಗಾರ್ತಿಯಾಗಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಹೇಳಲಾರೆ.

ಹೊಡೆದಳು. ಎದುರಿನ ಹುಡುಗಿ ಕೈ ಚಾಚಿದಳು. ಆಪಾ ಕೈ ಕುಲುಕಿದಳು, ನಕ್ಕಳು ಕೂಡ. ಹುಡುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದಳು, ಏಕೆ ರಾಣಿ ಮಾಡಲಿಲ್ಲ ಎಂದೇ ಇರಬೇಕು. ಆಪಾ ಭುಜ ಹಾರಿಸಿದಳು.

ಮಂಟಪದ ಮೆಟ್ಟಿಲಿನ ಬಳಿ ನನ್ನ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು.

"ಲೇ, ದಾದಾಗೆ ಹೇಳ್ಬ್ಯಾಡ."

"ಏನು ಹೇಳ್ಬಾರ್ದು?"

"ಇಲ್ಲಿ ಕುದುರೆ ಮನ್ಯಾಗ ರಾಣಿ ಮಾಡ್ಬಹುದಿತ್ತು ಅಂತ. ಅವರು ಕಲ್ಸಿದ್ದಕ್ಕೇ ಹಿಂಗಾತು ಅಂತ ಗೊತ್ತಾದ್ರ... ಬ್ಯಾಡ ಕಣೋ. ಖುದಾ ಕಸಂ ಹೇಳು."

ಹೇಳಿದೆ. ದೇವರನ್ನೇ ನಂಬದ ನಾನು ಅವಳ ದೇವರ ಮೇಲೆ ಆಣೆ ಮಾಡಿದೆ. ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡು ಪಡಸಾಲೆಗೆ ಹೋಗಿ ದಾದಾ ಮುಂದೆ ಮಂಡಿಯೂರಿ ಕೂತಳು. "ಸಮ ಆತು ದಾದಾ."

"ಸಮ ಅಂದ್ರ ಸೋಲಲ್ಲ."

"ಅಲ್ಲ ದಾದಾ."

"ಎದುರಿನಾಕಿ ಗಟ್ಟಿ ಇದ್ಲಾ?"

"ಭಾಳ ಗಟ್ಟಿ ಇದ್ಲು."

ಹತ್ತರೊಳಗೆ ಬರಲು ಅರ್ಧ ಅಂಕ ಕಡಿಮೆ ಬಿತ್ತು. ಮರುದಿನ ಅವಳು ಟೂರ್ನಮೆಂಟಿನ ಬೋರ್ಡು, ಕಾಯಿ, ಗಡಿಯಾರಗಳನ್ನೆಲ್ಲ ಒಂದು ಗಾದಿಯ ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. ಕೊಟ್ಟ ಮಾತು. ಅಬ್ಬಾ ಬೇಡವೆಂದರಂತೆ, ಕೇಳಲಿಲ್ಲವಂತೆ. ರಾಣೆಬೆನ್ನೂರಿನ ಸಂಬಂಧ ಅಷ್ಟರಲ್ಲಿ ಬೇರೆ ಕಡೆ ನಿಶ್ಚಯವಾಗಿಬಿಟ್ಟಿತ್ತು. ಅದೂ ಆಗಲಿಲ್ಲ, ಇದೂ ಇಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು.

ಊರು ಸುಮ್ಮನಿರಲಿಲ್ಲ. ಚೆಸ್ ಆಡುವವರ ನಡುವೆ ಸುದ್ದಿ ಹರಡಿತು, ಆಡದವರಿಗೂ ತಲುಪಿತು. ಮಂಡಕ್ಕಿಯವನು ಒಂದು ದಿನ ನನ್ನನ್ನು ನಿಲ್ಲಿಸಿ ಕೇಳಿದ: "ಅಲ್ರೀ, ಕೈಗೆ ರಾಣಿ ಬಂದಿತ್ತಂತೆ, ಬಿಟ್ಟು ಕುದ್ರಿ ತಗಂಡ್ಲಂತೆ? ಓದಿದ ಹುಡುಗಿ, ಹೆಂಗ್ರೀ ಇದು?" ಕಾಯ್ದೆ ಗೊತ್ತಿಲ್ಲದೆ ಅಲ್ಲ, ಎರಡು ಕಾಯ್ದೆ ಗೊತ್ತಿದ್ದದ್ದರಿಂದ ಎಂದು ವಿವರಿಸಲು ಹೋದೆ. ಆತ ಎಣ್ಣೆಯಲ್ಲಿ ಬೋಂಡ ತಿರುವುತ್ತ "ಆತು ಬಿಡ್ರಿ" ಅಂದ.

ಆಪಾ ಶುಕ್ರವಾರಗಳಂದು ಹರಿಹರಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ದಾದಾ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರಲ್ಲ, ಅಷ್ಟು ದೊಡ್ಡ ಪಂದ್ಯದಲ್ಲೂ ತಮ್ಮ ಮೊಮ್ಮಗಳು ಕಾಯ್ದೆ ಬಿಡಲಿಲ್ಲವೆಂದು. ಎಲ್ಲಿ ಯಾರು ಅವರ ಮಾತು ತಿದ್ದುತ್ತಾರೋ ಎಂಬ ಭಯ ಅವಳಿಗೆ. ಚಹಾದಂಗಡಿಯವನಿಗೆ ಹೇಳಿ ಬಂದಿದ್ದಳು, ಪಕ್ಕದ ಮನೆಯ ಕಾಲೇಜು ಹುಡುಗರಿಗೆ ಕೈಮುಗಿದು ಬಂದಿದ್ದಳು. ತಾನು ಕಳೆದುಕೊಂಡದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಈ ಒಂದನ್ನು ಕಾಯುವುದರಲ್ಲೇ ಸವೆದುಹೋದಳು.

ಅವರಿಬ್ಬರೂ ಕೂತು ಆಡಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಒಂದು ಬೇಸಿಗೆಯ ಶುಕ್ರವಾರ. ದಾದಾ ಬಹಳ ಸೊರಗಿದ್ದರು, ಗೋಡೆಗೆ ದಿಂಬು ಕೊಟ್ಟು ಕೂರಿಸಬೇಕಾಗುತ್ತಿತ್ತು. ಆಟದ ನಡುವೆ ಅವರ ಪ್ಯಾದೆ ಕೊನೆಯ ಸಾಲು ಮುಟ್ಟಿತು. ಕುದುರೆ ಮನೆ. ಅವರು ಸತ್ತ ಕಾಯಿಗಳ ಮೇಲೆ ಬೆರಳಾಡಿಸಿದರು. ಕುದುರೆಯನ್ನು ಮುಟ್ಟಿ ಗುರುತು ಹಿಡಿದು ಬಿಟ್ಟರು. ವಜೀರನನ್ನು ಎತ್ತಿ ಆ ಮನೆಯಲ್ಲಿಟ್ಟರು.

ಯಾರು ಹೇಳಿದರು, ಯಾವಾಗ ಗೊತ್ತಾಯಿತು... ಇವತ್ತಿಗೂ ತಿಳಿಯದು.

"ಇರ್ಲಿ ಬೇಟಾ," ಅಂದರು.

ಆಪಾ ಆ ವಜೀರನನ್ನು ಎತ್ತಿ ಪಕ್ಕಕ್ಕಿಟ್ಟಳು. ಕುದುರೆಯನ್ನು ಹುಡುಕಿ ತೆಗೆದು ಅವರ ಕೈಗೆ ಕೊಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಕುದುರೆ ಮನೆಯಲ್ಲಿ ಇಡಿಸಿದಳು.

"ಕಾಯ್ದೆ ತಪ್ಪಬ್ಯಾಡ್ರಿ ದಾದಾ. ಆಡ್ರಿ."

ಆಟ ಮುಗಿಸಿದರು. ಯಾರು ಗೆದ್ದರೆಂಬುದು ನೆನಪಿಲ್ಲ.

ಆ ಮಳೆಗಾಲ ಕಳೆಯುವುದರೊಳಗೆ ದಾದಾ ತೀರಿಕೊಂಡರು. ನಾನು ಕೆಲಸ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಊರೂರು ತಿರುಗಿದೆ. ಎಲ್ಲಿಯೂ ಕೂರಲಾಗದ ಸ್ವಭಾವ ನನ್ನದು. ಕೊರೊನಾದ ಎರಡನೆಯ ಅಲೆಯಲ್ಲಿ ಒಂದು ಬೆಳಗ್ಗೆ ಆಪಾಳ ತಮ್ಮ ಫೋನ್ ಮಾಡಿದ. ಅವಳು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನಿಂದಲೇ ಜ್ವರ ಬಂತಂತೆ. ಮಣ್ಣಿಗೆ ಹೋಗಲು ಯಾರನ್ನೂ ಬಿಡಲಿಲ್ಲ, ಅವನನ್ನೂ ದೂರ ನಿಲ್ಲಿಸಿದ್ದರಂತೆ. ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಅವನ ಮಾತಿನಲ್ಲಿ ಏನೋ ತಪ್ಪು ಕೇಳಿಸಿಕೊಂಡಿರಬೇಕು ನಾನು ಎಂದೇ ಯೋಚಿಸಿದೆ. ನನ್ನ ರೋಗ ಅವತ್ತಾದರೂ ಉಪಯೋಗಕ್ಕೆ ಬರಬಹುದಿತ್ತು.

ಈಗ ಆ ಆಟವನ್ನು ಹುಡುಕಿದರೆ ಎಲ್ಲೂ ಇಲ್ಲ. ಆ ಚಾಂಪಿಯನ್‌ಷಿಪ್ಪಿನ ಮುಂದಿನ ಬೋರ್ಡುಗಳ ಆಟಗಳಷ್ಟೇ ಅಂತರ್ಜಾಲದಲ್ಲಿ ಉಳಿದಿವೆ. ಅವಳು ಕೂತದ್ದು ನಡುವಿನ ಬೋರ್ಡಿನಲ್ಲಿ. ದಾದಾ ಇಲ್ಲ, ಅವಳಿಲ್ಲ. ಆ ಕುದುರೆಯನ್ನು ಅವಳು ಪೆದ್ದುತನದಿಂದ ಇಡಲಿಲ್ಲ ಎಂದು ಹೇಳಬಲ್ಲವನು ನಾನೊಬ್ಬ, ನನ್ನ ಸಾಕ್ಷಿಯನ್ನು ನಾನೇ ನಂಬುವುದಿಲ್ಲ.

ಮೊನ್ನೆ ಭಾನುವಾರ ತಂಗಿಯ ಮಗಳನ್ನು ಮಕ್ಕಳ ಟೂರ್ನಮೆಂಟಿಗೆ ಕರೆದುಕೊಂಡು ಹೋಗಿದ್ದೆ, ಇಲ್ಲೇ ದಾವಣಗೆರೆಯ ಒಂದು ಶಾಲೆಯಲ್ಲಿ. ಸುತ್ತು ಶುರುವಾಗುವ ಮುಂಚೆ ವರಾಂಡದಲ್ಲಿ ಇಬ್ಬರು ಹುಡುಗಿಯರು ಗಡಿಯಾರ ಇಟ್ಟುಕೊಂಡು ಬಿರುಸಿನ ಆಟ ಆಡುತ್ತಿದ್ದರು, ಸುತ್ತ ನಾಲ್ಕೈದು ಮಕ್ಕಳು. ಒಬ್ಬಳ ಕಾಲಾಳು ಕೊನೆಯ ಸಾಲು ಮುಟ್ಟಿತು. ಅವಳು ಗಡಿಬಿಡಿಯಲ್ಲಿ ಸತ್ತ ಕಾಯಿಗಳತ್ತ ಕೈ ಹಾಕಿದಳು. ಹಿಂದಿನಿಂದ ಗೆಳತಿಯೊಬ್ಬಳು ಕಿರುಚಿದಳು:

"ಏ, ನೋಡ್ಕಂಡು ಇಡೇ! ಆಪಾ ಮಾಡ್ಬ್ಯಾಡ!"

ಎಲ್ಲರೂ ನಕ್ಕರು. ನಾನು ಬಗ್ಗಿ ಕೇಳಿದೆ, "ಏನಮ್ಮಾ ಹಂಗಂದ್ರೆ?"

"ರಾಣಿ ಬಿಟ್ಟು ಬ್ಯಾರೆ ಇಡೋದು ಅಂಕಲ್. ಪೆದ್ದು ಪೆದ್ದಾಗಿ."

"ಆಪಾ ಅಂದ್ರೆ ಯಾರು?"

ಆ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಯಾರೂ ಅಲ್ಲ ಅಂಕಲ್. ಸುಮ್ನೆ ಹಂಗಂತಾರೆ."

ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಡುತ್ತಿದ್ದವಳು ರಾಣಿಯನ್ನಿಟ್ಟು ಗಡಿಯಾರ ಒತ್ತಿದ್ದಳು. ಮಕ್ಕಳೆಲ್ಲ ಮತ್ತೆ ಬೋರ್ಡಿನ ಮೇಲೆ ಬಾಗಿದರು.